ಬೀಗರ ಸ್ವೆಟರಿನ ಕೊನೆಯ ಸಾಲು

ಅಕ್ಕಮ್ಮನಿಗೆ ಗಂಡನ ಮೇಲೆ ಇರುವುದು ಒಂದೇ ದೂರು. ಅವರು ಕುಡಿಯುವುದಿಲ್ಲ, ಬೈಯುವುದಿಲ್ಲ, ಸಾಂಬಾರಿಗೆ ಉಪ್ಪು ಕಡಿಮೆಯಾದರೆ ತಾವೇ ಎದ್ದು ಹೋಗಿ ಹಾಕಿಕೊಳ್ಳುತ್ತಾರೆ. ಆದರೆ ಎಲ್ಲಿ ಒಂದು ದಾರ ನೇತಾಡಿದರೂ ಕತ್ತರಿಸಿಬಿಡುತ್ತಾರೆ.

ಶಂಕರಪ್ಪ ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಚೆಕಿಂಗಿನಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವರು. ಹೊಲಿದ ಬನಿಯನ್ನು ಮೇಜಿನ ಮೇಲೆ ಬಂದ ಕೂಡಲೇ ಹಿಂದೆ ಮುಂದೆ ತಿರುಗಿಸಿ, ದಾರದ ತುದಿ ಎಲ್ಲಿ ಇಣುಕುತ್ತಿದೆಯೋ ಅಲ್ಲಿ ಟ್ರಿಮ್ಮರ್ ಇಟ್ಟು ‘ಚಕ್’ ಅನ್ನಿಸುವುದು ಅವರ ಉದ್ಯೋಗ. ಹಾಗೆ ಇಣುಕುವ ದಾರಕ್ಕೆ ಅಲ್ಲಿ ‘ಪಿಸಿರು’ ಅನ್ನುತ್ತಾರೆ. ಪಿಸಿರು ಇದ್ದ ಬನಿಯನ್ನು ಹಡಗು ಹತ್ತುವುದಿಲ್ಲ. ಶಂಕರಪ್ಪ ಕೆಲಸದಿಂದ ನಿವೃತ್ತರಾದರು, ಅವರ ಬಲಗೈ ಮಾತ್ರ ಆಗಲಿಲ್ಲ. ಬೆರಳುದ್ದದ ಆ ಟ್ರಿಮ್ಮರ್ ಈಗಲೂ ನೀಲಿ ಹುರಿಯೊಂದರಲ್ಲಿ ಅವರ ಕೊರಳಿನಿಂದ ಇಳಿಬಿದ್ದಿರುತ್ತದೆ. ಅಕ್ಕಮ್ಮ ಮಾರಿಯಮ್ಮನಿಗೆ ಹರಕೆ ಹೊತ್ತು ಕೈಗೆ ಕಟ್ಟಿಕೊಂಡ ಅರಿಶಿನದ ದಾರ, ಕಿಟಕಿಯ ಪರದೆಯ ಜಾಲರಿ, ಒಮ್ಮೆ ಎಣ್ಣೆ ಹಾಕಿ ಸಿದ್ಧವಾಗಿದ್ದ ದೀಪದ ಬತ್ತಿ, ಎಲ್ಲಕ್ಕೂ ಅವರು ಮೋಕ್ಷ ಕೊಟ್ಟಿದ್ದಾರೆ.

ಇಷ್ಟಕ್ಕೇ ನಿಂತಿದ್ದರೆ ಅಕ್ಕಮ್ಮ ಸಹಿಸಿಕೊಳ್ಳುತ್ತಿದ್ದಳು. ಏಳು ವರ್ಷದ ಹಿಂದೆ ಮಗಳು ಧನಶ್ರೀಯ ನಿಶ್ಚಿತಾರ್ಥಕ್ಕೆಂದು ಕೋತಗಿರಿಗೆ ಹೋಗಿದ್ದರು. ಊಟವಾದ ಮೇಲೆ ಬೀಗರು ಕೃಷ್ಣಸಾಮಿ ಜಮಖಾನದ ಮೇಲೆ ಹಾಗೇ ಒರಗಿ ನಿದ್ದೆಹೋದರು. ಅವರ ಹೆಗಲ ಮೇಲಿದ್ದ ಹೊಸ ಅಂಗವಸ್ತ್ರದ ಎರಡೂ ತುದಿಗೆ ಕುಚ್ಚು. ಒಂದಲ್ಲ ಎರಡಲ್ಲ, ನೂರಾರು ಎಳೆಗಳು, ಶಂಕರಪ್ಪನವರ ಕಣ್ಣೆದುರಿಗೇ ಗಾಳಿಗೆ ಆಡುತ್ತಿವೆ. ಪಾಪ, ಅವರಾದರೂ ಏನು ಮಾಡಿಯಾರು? ಬೀಗರು ಎಚ್ಚರವಾಗುವ ಹೊತ್ತಿಗೆ ಅಂಗವಸ್ತ್ರ ಅಡಿಗೆಮನೆಯ ಮಸಿಬಟ್ಟೆಯ ಹಾಗೆ ಬೋಳಾಗಿತ್ತು. ಬೀಗಿತ್ತಿ ಲಕ್ಷ್ಮಿಯಮ್ಮಾಳ್ ಸೊಂಟದ ಮೇಲೆ ಕೈಯಿಟ್ಟು ನಿಂತರು. ಮದುವೆಯೇ ಮುರಿಯಿತು ಅನ್ನುವಂಥ ಮೌನ. ಆ ಮೌನಕ್ಕೆ ಹೆದರಿ ಅಕ್ಕಮ್ಮ ಅಂದುಬಿಟ್ಟಳು:

“ಸಂಬಂದಿಯಮ್ಮ, ಮನಸ್ಸಲ್ಲಿ ಇಟ್ಕೋಬೇಡಿ. ಅವರಿಗೆ ನನ್ ಕೈಯಾರ ಒಂದು ಸ್ವೆಟರ್ ಹೆಣೆದು ಕೊಡ್ತೀನಿ. ಇದು ನನ್ ಮಾತು.”

(ಆಗ ಅವಳಿಗೆ ಬರುತ್ತಿದ್ದುದು ಟೀವಿಯ ಮೇಲೆ ಹೊದಿಸುವ ಬಟ್ಟೆಯ ಮುಕ್ಕಾಲು ಭಾಗ ಮಾತ್ರ.)

ಸ್ವೆಟರ್ ಆಗಲೇ ಇಲ್ಲವೆಂದಲ್ಲ. ಆಯಿತು. ಕೊಯಮತ್ತೂರಿನ ಆರ್.ಎಸ್. ಪುರಂವರೆಗೆ ಬಸ್ಸಿನಲ್ಲಿ ಹೋಗಿ ಕಂದು ಬಣ್ಣದ ಉಲ್ಲನ್ ತಂದು, ಕ್ರೋಶಾ ಕಡ್ಡಿಯಲ್ಲಿ ಮೈ ಹೆಣೆದು, ತೋಳು ಎರಡನ್ನೂ ಬೇರೆ ಹೆಣೆದು, ಮೈಗೆ ಸೇರಿಸಿ, ಸುತ್ತುಸುತ್ತಾಗಿ ಭುಜ ಹತ್ತಿ ಕುತ್ತಿಗೆಯವರೆಗೂ ಬಂದಳು. ಇನ್ನು ಒಂದೇ ಸಾಲು. ಆ ಒಂದು ಸಾಲು ನಾಲ್ಕು ವರ್ಷದಿಂದ ಹಾಗೇ ಇತ್ತು.

ಇದಕ್ಕೆ ಸೋಮಾರಿತನ ಕಾರಣ ಅಂದರೆ ಪಾಪ ಬಂದೀತು. ಅಕ್ಕಮ್ಮ ನೆಗಮಂನ ನೇಯುವ ಮನೆಯಲ್ಲಿ ಹುಟ್ಟಿದವಳು. ಅವಳ ಅಪ್ಪ ಒಂದು ದಿನವೂ ಮಗ್ಗವನ್ನು ಬರಿದು ಬಿಟ್ಟವರಲ್ಲ. ಸೀರೆ ಮುಗಿಯಿತೆಂದು ಕೊಯ್ದು ತೆಗೆದರೂ ಹಾಸಿನ, ಅಂದರೆ ಉದ್ದದ ಎಳೆಗಳ, ಕೊನೆಯ ಗೇಣುದ್ದ ಮಗ್ಗದಲ್ಲೇ ಉಳಿಯಬೇಕು. ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಆ ಹಳೆಯ ಎಳೆಗಳಿಗೆ ಹೊಸೆದು ಕೂಡಿಸಬೇಕು. ಹಳೆಯದರ ಬಾಲ ಹಿಡಿದುಕೊಂಡು ಹೊಸದು ಮಗ್ಗದೊಳಗೆ ನಡೆದು ಬರುತ್ತದೆ. ಬರಿದು ಬಿಟ್ಟರೆ ಸಾವಿರಾರು ಎಳೆಗಳನ್ನು ಮತ್ತೆ ಮೊದಲಿಂದ ತೂರಿಸಿಕೊಂಡು ಕೂರಬೇಕು. ಎಂಟನೇ ವಯಸ್ಸಿನಿಂದ ಎಳೆ ಕೂಡಿಸಿದ ಬೆರಳುಗಳು ಅರವತ್ತಾರನೇ ವಯಸ್ಸಿನಲ್ಲಿ ಕ್ರೋಶಾ ಕಡ್ಡಿ ಹಿಡಿದರೂ ಅದನ್ನೇ ಮಾಡಿದವು. ಯಾವ ಕೆಲಸವನ್ನೂ ಕೊನೆಯ ಸಾಲಿನವರೆಗೆ ಒಯ್ಯುವುದಿಲ್ಲ, ಅದರ ಬಾಲಕ್ಕೆ ಮುಂದಿನ ಕೆಲಸದ ತಲೆ ಕಟ್ಟಿಬಿಡುವುದು.

ಇದು ಬಯಲಾದದ್ದು ಮಹಡಿಯ ಮೇಲಿನ ಭೂಮಿಯಿಂದ. ಭೂಮಿ ದಾವಣಗೆರೆಯ ಹುಡುಗಿ, ಇಲ್ಲಿಯ ರಫ್ತು ಕಂಪನಿಯೊಂದರಲ್ಲಿ ಕೆಲಸ, ಶಂಕರಪ್ಪನವರ ಮನೆಯಲ್ಲಿ ಬಾಡಿಗೆಗೆ ಇದ್ದಾಳೆ. ಅವಳೂ ಕ್ರೋಶಾ ಹಾಕುತ್ತಾಳೆ, ಆದರೆ ಅವಳದು ಕಟ್ಟುನಿಟ್ಟು: ಹಿಡಿದದ್ದು ಮುಗಿಯದೆ ಹೊಸದು ಶುರುಮಾಡುವಂತಿಲ್ಲ. ಸಂಕ್ರಾಂತಿ ಕಳೆದ ಮೇಲೊಂದು ದಿನ ಅವಳು ಅಕ್ಕಮ್ಮನ ಬುಟ್ಟಿಯಿಂದ ಒಂದು ಕಾಲುಚೀಲವನ್ನು ಎತ್ತಿದಳು. ಕಾಲುಚೀಲದ ಹಿಂದೆ ನೆತ್ತಿಯಿಲ್ಲದ ಟೋಪಿ ಬಂತು. ಟೋಪಿಯ ಹಿಂದೆ ಮೂರೇ ಮೂಲೆಯ ಟೀವಿ ಬಟ್ಟೆ, ಅದರ ಹಿಂದೆ ತೋರಣ, ಅದರ ಹಿಂದೆ ಬಾಯಿ ಮುಚ್ಚದ ಮೊಬೈಲ್ ಚೀಲ, ಹೀಗೆ ಒಂದರ ಬಾಲ ಇನ್ನೊಂದು ಹಿಡಿದು ಊಟಿ ರೈಲಿನ ಡಬ್ಬಿಗಳಂತೆ ಒಂಬತ್ತು ಬಂದವು. ಕಟ್ಟಕಡೆಗೆ ಇಂಜಿನ್ನಿನ ಹಾಗೆ ಕಂದು ಸ್ವೆಟರ್.

“ಆಂಟೀ! ಇದೆಲ್ಲಾ ಒಂದೇನಾ?”

“ಒಂದೇ ಅಂದ್ರೆ... ಕೂಡಿಸಿದೀನಿ ಕಣ್ಣೂ. ಬಿಟ್ಟು ಬಿಟ್ಟು ಇರಬಾರದಲ್ಲ.”

ಆಗ ಬಾಗಿಲಲ್ಲಿ ನೆರಳು ಬಿತ್ತು. ಶಂಕರಪ್ಪ ನಿಂತಿದ್ದರು. ನೆಲದ ತುಂಬಾ ಹರಡಿದ್ದ ಅಷ್ಟೂ ದಾರಗಳನ್ನು ನೋಡಿ ಅವರ ಕಣ್ಣು ತುಂಬಿ ಬಂದಿತ್ತು. ಕೈ ತಾನಾಗಿ ಕೊರಳ ಕಡೆ ಹೋಯಿತು.

“ಮುಟ್ಟಿದ್ರೆ ನೋಡಿ!” ಅಂತ ಅಕ್ಕಮ್ಮ ಬುಟ್ಟಿಗೆ ಅಡ್ಡ ಬಿದ್ದಳು.

“ಒಂದೇ ಒಂದು, ಅಕ್ಕಮ್ಮ. ಆ ಕೊನೇದು.”

“ಬನ್ನಿ ಇಲ್ಲಿ.” ಅಂದವಳೇ ಅವರನ್ನು ದೇವರ ಗೂಡಿನ ಮುಂದೆ ನಿಲ್ಲಿಸಿ, ಅಂಗೈಯಲ್ಲಿ ಕರ್ಪೂರ ಇಟ್ಟು, ಆಣೆ ಮಾಡಿಸಿದಳು. ‘ಚೌಡೇಶ್ವರಿ ತಾಯಿಯ ಮೇಲಾಣೆ, ಇನ್ನು ಮೇಲೆ ಈ ಮನೆಯ ಉಲ್ಲನ್ ದಾರ ಒಂದನ್ನೂ ಮುಟ್ಟುವುದಿಲ್ಲ’ ಎಂದು ಶಂಕರಪ್ಪ ಹೇಳಿದರು. ಟ್ರಿಮ್ಮರ್ ಕೊರಳಿನಿಂದ ಇಳಿದು ಅಕ್ಕಿ ಡಬ್ಬದ ತಳ ಸೇರಿತು.

ಅದೇ ವಾರ ಕೋತಗಿರಿಯಿಂದ ಧನಶ್ರೀ ಫೋನು ಮಾಡಿದಳು.

“ಅಮ್ಮಾ, ಅವಿನಾಶಿಯಲ್ಲಿ ಅತ್ತೆ ಕಡೆಯವರ ಮದುವೆ. ಮುಗಿಸ್ಕೊಂಡು ಭಾನುವಾರ ಅತ್ತೆ ಮಾವ ತಿರುಪ್ಪೂರಿಗೆ, ನಮ್ಮನೆಗೆ ಬರ್ತಾರೆ. ಸ್ವೆಟರ್ ಆಯ್ತಾ?”

“ಕುತ್ತಿಗೆಗೆ ಬಂದಿದೆ.”

“ನನಗೂ ಕುತ್ತಿಗೆಗೇ ಬಂದಿದೆ! ಏಳು ವರ್ಷದಿಂದ ಅತ್ತೆ ದಿನಾ ಬೆಳಿಗ್ಗೆ ಕಾಪಿ ಲೋಟ ಕೈಗೆ ಕೊಡುವಾಗ ಕೇಳ್ತಾರೆ, ‘ಧನಂ, ನಿಮ್ಮಮ್ಮನ ಸ್ವೆಟರ್ ಯಾವ ಬಸ್ಸಲ್ಲಿ ಬರ್ತಾ ಇದೆ?’ ಅಂತ. ಒಂದು ದಿನ ಬಿಟ್ಟಿಲ್ಲ. ಈ ಸಲವೂ ಕೊಡ್ಲಿಲ್ಲ ಅಂದ್ರೆ ನಾನೇ ಇಲ್ಲಿ ಕುರಿ ಸಾಕ್ತೀನಿ ನೋಡು.”

ಮಗಳ ದನಿ ನಗುವಿನಲ್ಲಿ ಶುರುವಾಗಿ ಕೊನೆಗೆ ನಡುಗಿತು. ಅಕ್ಕಮ್ಮ ಕಿವಿ ಚುರುಕಾದವಳು. ನಗುವನ್ನು ಬಿಟ್ಟು ಆ ನಡುಕವನ್ನೇ ಕೇಳಿಸಿಕೊಂಡಳು. ಆ ಕಾಪಿ ಲೋಟ ಅವಳ ಎದೆಯ ಮೇಲೆ ಕೂತಿತು.

ಮರುದಿನವೇ ಭೂಮಿಯನ್ನು ಕರೆದಳು. ಭೂಮಿ ಮೊದಲು ಸ್ವೆಟರನ್ನು ಹಿಂದಿನ ಒಂಬತ್ತು ಡಬ್ಬಿಗಳಿಂದ ಕತ್ತರಿಸಿ ಬಿಡಿಸಿದಳು. (ಅಕ್ಕಮ್ಮ ಆಗ ಕಣ್ಣು ಮುಚ್ಚಿಕೊಂಡಿದ್ದಳು.) ಆಮೇಲೆ ಪಾಠ ಹೇಳಿದಳು: “ಕೊನೇ ಸಾಲು ಹಾಕಿ. ದಾರ ಕಟ್ ಮಾಡಿ. ತುದಿನ ಕೊನೇ ಕುಣಿಕೆಯೊಳಗೆ ತೂರಿಸಿ ಎಳೀರಿ, ಬೀಗ ಬೀಳುತ್ತೆ. ಅಷ್ಟೇ ಆಂಟಿ. ಬೀಗ ಹಾಕದೆ ಎಳೆದ್ರೆ ಮಾತ್ರ ಎಲ್ಲಾ ಬಿಚ್ಚಿಕೊಂಡು ಬರುತ್ತೆ.”

ಗುರುವಾರ ಸಂಜೆ ಕೊನೆಯ ಸಾಲು ಮುಗಿಯಿತು. ಕತ್ತರಿ ಕೈಗೆತ್ತಿಕೊಂಡಳು. ಅಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಕತ್ತರಿಸಬಾರದು. ನಾಳೆ ಶುಕ್ರವಾರ, ಶುಕ್ರವಾರ ಕತ್ತರಿ ಹಿಡಿಯಲೇಬಾರದು. ಶನಿವಾರ ಬೆಳಿಗ್ಗೆ ಕತ್ತರಿಸಿದರಾಯಿತು, ಬೀಗರು ಬರುವುದು ಭಾನುವಾರ ತಾನೆ. ಆದರೆ ಶನಿವಾರದವರೆಗೆ ಕಡ್ಡಿಯನ್ನು ಬರಿದಾಗಿ ಬಿಡುವುದು ಹೇಗೆ? ಅಪ್ಪನ ಮಗ್ಗ ಕಣ್ಣಮುಂದೆ ಬಂತು. ಯಾರಿಗೂ ಕಾಣದ ಹಾಗೆ, ಸ್ವೆಟರಿನ ಕುತ್ತಿಗೆಯಿಂದಲೇ ಮುಂದುವರಿದು, ಒಂದು ಮಫ್ಲರಿನ ಮೊದಲ ನಾಲ್ಕು ಬೆರಳಷ್ಟನ್ನು ಹೆಣೆದಳು. ಮನಸ್ಸಿಗೆ ಸಮಾಧಾನವಾಯಿತು. ಸ್ವೆಟರನ್ನು ಮಡಿಸಿ ಬುಟ್ಟಿಯಲ್ಲಿಟ್ಟು, ಉಲ್ಲನ್ ಉಂಡೆಯನ್ನು ಮಂಚದ ಕೆಳಗೆ, ತವರಿನಿಂದ ತಂದ ಹಳೆಯ ರಾಟೆಯ ಪಕ್ಕಕ್ಕೆ ಇಟ್ಟಳು.

ಶುಕ್ರವಾರ ಹನ್ನೊಂದು ಗಂಟೆಗೆ, ಅಕ್ಕಮ್ಮ ಒಲೆಯ ಮೇಲೆ ಎಣ್ಣೆ ಕಾಯಲಿಟ್ಟು ವಡೆ ತಟ್ಟುತ್ತಿದ್ದಾಗ, ಬಾಗಿಲಲ್ಲಿ ಬೀಗಿತ್ತಿಯ ದನಿ.

“ಸಂಬಂದಿಯಮ್ಮಾ! ಭಾನುವಾರ ಯಾಕೆ, ಹೋಗುವಾಗಲೇ ನೋಡ್ಕೊಂಡು ಹೋಗೋಣ ಅಂತ ಬಂದ್ವಿ. ಸಾಯಂಕಾಲ ರಿಸೆಪ್ಷನ್ನು. ಕಾರು ಪಿಳ್ಳೈಯಾರ್ ಕೋಯಿಲ್ ಹತ್ರ ನಿಂತಿದೆ, ಈ ಸಂದಿಯಲ್ಲಿ ನುಗ್ಗಲ್ಲ.”

ಲಕ್ಷ್ಮಿಯಮ್ಮಾಳ್ ಸೊಂಟ ಹಿಡಿದುಕೊಂಡು, “ಅಪ್ಪಾ, ಕೋತಗಿರಿ ಚಳಿ ಎಲ್ಲಾ ನನ್ ಸೊಂಟದಲ್ಲೂ ಮೊಣಕಾಲಲ್ಲೂ ಬಂದು ಕೂತಿದೆ” ಅನ್ನುತ್ತಾ ಮಂಚದ ಮೇಲೆ ಕೂತರು. ಕೂತಲ್ಲಿಂದಲೇ ಬುಟ್ಟಿ ಕಂಡಿತು. ಸ್ವೆಟರನ್ನು ಎತ್ತಿ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು.

“ಇದು ಕೈಯಲ್ಲಿ ಮಾಡಿದ್ದಾ? ಸಂಬಂದಿಯಮ್ಮ, ಅಂಗಡಿ ಸ್ವೆಟರ್ ಇದರ ಮುಂದೆ ಕಾಲು ಧೂಳು!”

ಏಳು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ಹೊಗಳಿಕೆ. ‘ಇನ್ನೂ ದಾರ ಕತ್ತರಿಸಿಲ್ಲ’ ಎಂಬ ಮಾತು ಅಕ್ಕಮ್ಮನ ನಾಲಗೆಯ ತುದಿಗೆ ಬಂದು ಅಲ್ಲೇ ಕರಗಿತು. ಅಡಿಗೆಮನೆಯಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ವಡೆ ತೆಗೆದು ಬಂದು ಹೇಳಿದರಾಯಿತು ಎಂದು ಒಳಗೆ ಓಡಿದಳು.

“ಏಳಿ, ಹಾಕ್ಕೊಳಿ” ಅನ್ನುವುದು ಕೇಳಿಸಿತು.

“ಇಲ್ಲೇನಾ? ಬೆಂಕಿ ಹಾಗೆ ಬಿಸಿಲಿದೆ ಕಣೇ” ಅಂದರು ಕೃಷ್ಣಸಾಮಿ.

“ಮಂಟಪದಲ್ಲಿ ಎಲ್ಲರೂ ನೋಡ್ಲಿ. ‘ನಿಮ್ ಸಂಬಂದಿ ಸ್ವೆಟರ್ ಬಂತಾ’ ಅಂತ ಹಲ್ಲು ಬಿಡ್ತಿದ್ರಲ್ಲ, ಅವರೆಲ್ಲ ನೋಡ್ಲಿ. ತಲೆ ತೂರಿಸಿ!”

ಅಕ್ಕಮ್ಮ ವಡೆಯನ್ನು ಡಬ್ಬಿಗೆ ತುಂಬಿ, ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದಾಗ ಮನೆಯಲ್ಲಿ ಬೀಗರಿಲ್ಲ. ಡ್ರೈವರ್ ಅವಸರ ಮಾಡಿದನೆಂದು ಹೊರಟೇಬಿಟ್ಟಿದ್ದರು. ಬಾಗಿಲಲ್ಲಿ ಶಂಕರಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿದುಕೊಂಡು ಕಲ್ಲಿನ ಹಾಗೆ ನಿಂತಿದ್ದರು. ಹಣೆಯ ಮೇಲೆ ಬೆವರು. ಅವರ ಮೊಣಕಾಲಿನ ಪಕ್ಕದಲ್ಲೇ ಒಂದು ಕಂದು ದಾರ ಹೊಸಿಲು ದಾಟಿ ಬೀದಿಗೆ ಹೋಗುತ್ತಿತ್ತು. ಮಂಚದ ಕೆಳಗಿನ ಉಂಡೆ ಕುಣಿದು ಕುಣಿದು ಕೊನೆಗೆ ರಾಟೆಗೂ ಮಂಚದ ಕಾಲಿಗೂ ನಡುವೆ ಸಿಕ್ಕಿಕೊಂಡು ನಿಂತಿತ್ತು. ಈಗ ದಾರ ವೀಣೆಯ ತಂತಿಯ ಹಾಗೆ ಬಿಗಿಯಾಗಿ ನಡುಗುತ್ತಿತ್ತು.

“ಇದೇನ್ರೀ!”

“ನಾನು ಮುಟ್ಟಲಿಲ್ಲ” ಅಂದರು ಶಂಕರಪ್ಪ ಹೆಮ್ಮೆಯಿಂದ.

“ಯಾಕ್ರೀ ಮುಟ್ಟಲಿಲ್ಲ?”

“ನೀನೇ ಆಣೆ ಹಾಕಿಸ್ದೆ.”

“ಮೂವತ್ತೊಂದು ವರ್ಷ ಕಂಡ ಕಂಡದ್ದನ್ನೆಲ್ಲಾ ಕತ್ತರಿಸಿದ ಮಹಾನುಭಾವರು, ಕತ್ತರಿಸಬೇಕಾದ ಒಂದೇ ಒಂದು ದಾರವನ್ನು ಬಿಟ್ಟು ನಿಂತ್ರಾ!”

“ನೋಡ್ತಾ ನಿಲ್ಲೋದು ಎಷ್ಟು ಕಷ್ಟ ಆಯ್ತು ಅಂತ ನನಗೆ ಗೊತ್ತು, ಆ ಚೌಡಮ್ಮನಿಗೆ ಗೊತ್ತು.”

ಅಕ್ಕಮ್ಮ ದಾರ ಹಿಡಿದುಕೊಂಡೇ ಓಡಿದಳು. ಅರವತ್ತಾರು ವರ್ಷದ ಕಾಲು, ಆದರೂ ಓಡಿತು. ದಾರ ಎದುರುಮನೆ ಚಂದ್ರಾಳ ರಂಗೋಲಿಯ ಮೇಲೆ ಹಾದು, ಇಸ್ತ್ರಿ ಗಾಡಿಯ ಚಕ್ರ ಸುತ್ತಿ, ಮುಂದೆ ಹೋಗಿತ್ತು. ಇಸ್ತ್ರಿಯ ಚೆನ್ನಿಯಪ್ಪನ್ ಮೊಪೆಡ್ಡಿನವನೊಬ್ಬನಿಗೆ ದಾರಿ ಬಿಡಲು ಅದನ್ನು ಎತ್ತಿ ಹಿಡಿದುಕೊಂಡು, “ಅಕ್ಕಾ, ನೂಲು ಓಡುದು, ನೂಲು!” ಅಂತ ತಮಿಳಿನಲ್ಲಿ ಕೂಗಿದ. ಅಲ್ಲಿಂದ ಮುಂದೆ ಕೈಗೆ ಸಿಕ್ಕ ದಾರ ನೆಟ್ಟಗಿರಲಿಲ್ಲ. ಗುಂಗುರು ಗುಂಗುರಾಗಿತ್ತು. ಗುಂಗುರು ದಾರ ಅಂದರೆ ಹೆಣೆದು ಬಿಚ್ಚಿದ್ದು. ಮಫ್ಲರ್ ಹೋಯಿತು. ಕುತ್ತಿಗೆ ಹೋಯಿತು. ಭುಜ ಹೋಗುತ್ತಿದೆ. ಅವಳ ಕಣ್ಣಿಗೆ ಕಾಣಿಸಿದ್ದು ಮಾತ್ರ ಒಂದು ಕಾಪಿ ಲೋಟ.

ಪಿಳ್ಳೈಯಾರ್ ಗುಡಿಯ ಮೂಲೆಯಲ್ಲಿ ಕೃಷ್ಣಸಾಮಿ ನಿಂತಿದ್ದರು. ಸ್ವೆಟರಿನ ಭುಜವೆಲ್ಲ ಮಾಯವಾಗಿ, ಎರಡು ತೋಳೂ ಕಳಚಿ ಮಣಿಕಟ್ಟಿಗೆ ಇಳಿದು, ಉಳಿದ ಮೈಯನ್ನು ಸ್ನಾನದ ಟವಲಿನ ಹಾಗೆ ಎದೆಯ ಹತ್ತಿರ ಹಿಡಿದುಕೊಂಡಿದ್ದರು. ಲಕ್ಷ್ಮಿಯಮ್ಮಾಳ್ ಮುಂದೆ ಹೋಗಿ ಕಾರಿನಲ್ಲಿ ಸಾಮಾನು ಹೊಂದಿಸುತ್ತಿದ್ದರು, ಇನ್ನೂ ನೋಡಿರಲಿಲ್ಲ.

“ಕ್ಷಮಿಸ್ಬಿಡಿ, ತಪ್ಪಾಗಿ ಹೋಯ್ತು...” ಅಕ್ಕಮ್ಮ ಏದುಸಿರು ಬಿಟ್ಟಳು.

ಬೀಗರು ಕಾರಿನ ಕಡೆ ಒಮ್ಮೆ ನೋಡಿ, ಬಗ್ಗಿ, ಪಿಸುಮಾತಿನಲ್ಲಿ ಅಂದರು: “ಇನ್ನೂ ಸ್ವಲ್ಪ ಎಳೀರಿ, ಅಮ್ಮಾ.”

“ಆಂ?”

“ಎಳೀರಿ, ಪುಣ್ಯ ಬರುತ್ತೆ. ಉಲ್ಲನ್ ನನ್ ಮೈಗೆ ಆಗಲ್ಲ, ಚಿಕ್ಕಂದಿನಿಂದ. ನೋಡಿ ಇಲ್ಲಿ.” ಕುತ್ತಿಗೆಯ ಸುತ್ತ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಕೆಂಪಗಾಗಿತ್ತು. “ಮೂಲೆಗೆ ಬರೋಷ್ಟರಲ್ಲಿ ಬೆಂದು ಹೋದೆ. ಇನ್ನು ರಾತ್ರಿವರೆಗೆ ಹಾಕ್ಕೊಂಡು ಕೂರ್ಬೇಕಾಗಿತ್ತು. ಏಳು ವರ್ಷ ನೀವು ಮುಗಿಸಲಿಲ್ವಲ್ಲ, ದಿನಾ ನಿಮ್ ಮನೆ ದಿಕ್ಕಿಗೆ ಕೈ ಮುಗೀತಿದ್ದೆ.”

“ಮೊದಲೇ ಹೇಳೋದಲ್ವಾ?”

“ಯಾರ ಹತ್ರ? ಅವಳ ಹತ್ರಾನಾ?”

ಹಿಂದೆಯೇ ಓಡಿಬಂದಿದ್ದ ಶಂಕರಪ್ಪ, ಹೆಂಡತಿಗೆ ಹೇಳುವುದು ಹೇಗೆ ಸಾಧ್ಯ ಎಂಬಂತೆ ತಲೆಯಾಡಿಸಿದರು. ಅವರ ಕೊರಳಲ್ಲಿ ಟ್ರಿಮ್ಮರ್ ಮರಳಿ ಬಂದಿತ್ತು. ಅಂಗಿಯಿಂದ ಅಕ್ಕಿ ಕಾಳು ಉದುರುತ್ತಿತ್ತು.

ಅಷ್ಟರಲ್ಲಿ ಲಕ್ಷ್ಮಿಯಮ್ಮಾಳ್ ಬಂದರು. ಗಂಡನನ್ನು ನೋಡಿದರು, ದಾರವನ್ನು ನೋಡಿದರು, ಅಕ್ಕಮ್ಮನನ್ನು ನೋಡಿದರು. ಸೊಂಟದ ಮೇಲೆ ಕೈ ಹೋಯಿತು. ಅದೇ ಕೋತಗಿರಿಯ ಮೌನ. ಆದರೆ ಸೊಂಟಕ್ಕೆ ಹೋದ ಕೈ ಅಲ್ಲೇ ನೋವಿನ ಮೇಲೆ ಬಿತ್ತು. ಅವರು ಇನ್ನೊಂದು ಕೈಯಿಂದ ಸ್ವೆಟರಿನ ಉಳಿದ ಮೈಯನ್ನು ಗಂಡನಿಂದ ಕಿತ್ತುಕೊಂಡು, ತಿರುಗಿಸಿ ನೋಡಿ, ಸೀರೆಯ ಮೇಲೆಯೇ ತಲೆಯಿಂದ ತೂರಿಸಿ ಸೊಂಟಕ್ಕೆ ಇಳಿಸಿಕೊಂಡರು. ಹೊಲಿಸಿದ ಹಾಗೆ ಕೂತಿತು. ಒಂದು ಸುತ್ತು ತಿರುಗಿದರು.

“ಬೆಚ್ಚಗಿದೆ” ಅಂದರು ತಮಗೇ ಎಂಬಂತೆ. ಆಮೇಲೆ ಗಂಡನ ಮಣಿಕಟ್ಟಿನಿಂದ ತೋಳು ಎರಡನ್ನೂ ಕಳಚಿ, ಮೊಣಕಾಲಿಗೆ ಹಿಡಿದು ಅಳತೆ ನೋಡಿದರು. “ಸೊಂಟಕ್ಕೊಂದು, ಮೊಣಕಾಲಿಗೆರಡು. ಮಂಟಪ ಬೇರೆ ಏಸಿ. ಸಂಬಂದಿಯಮ್ಮ, ಇದನ್ನ ನನಗೇ ಅಂತ ಮಾಡಿದ್ದು ಅಂತ ಎಲ್ಲರ ಹತ್ರ ಹೇಳ್ತೀನಿ. ಬಾಲ ಮಾತ್ರ ತೆಗೆದುಬಿಡಿ.”

ಅಕ್ಕಮ್ಮ ಗಂಡನ ಕಡೆ ತಿರುಗಿದಳು.

“ಶುಕ್ರವಾರ ಕತ್ತರಿ...” ಅಂದಳು ಸಣ್ಣಗೆ.

“ಕತ್ತರಿ ಅಲ್ಲ ಇದು, ಟ್ರಿಮ್ಮರ್” ಅಂದರು ಶಂಕರಪ್ಪ.

“ಆಣೆ?”

“ಅದು ಈ ಮನೆಯ ಉಲ್ಲನ್ನಿಗೆ. ಇದು ಈಗ ಕೋತಗಿರಿ ಉಲ್ಲನ್ನು.”

ಚಕ್. ಅಕ್ಕಮ್ಮ ತುದಿಯನ್ನು ಕೊನೆಯ ಕುಣಿಕೆಯೊಳಗೆ ತೂರಿಸಿ ಎಳೆದಳು. ಬೀಗ ಬಿತ್ತು. ಅವಳ ಜೀವಮಾನದಲ್ಲಿ ಮುಗಿದ ಮೊದಲ ಕೆಲಸ ಅದು. ಆಕಾಶವೇನೂ ಬೀಳಲಿಲ್ಲ. ಗುಡಿಯಲ್ಲಿ ಪಿಳ್ಳೈಯಾರ್ ಗಣಪ ಎಂದಿನ ಹಾಗೆ ಕೂತೇ ಇದ್ದ. ಕಾರು ಹೊರಟಿತು. ಕಿಟಕಿಯಿಂದ ಬೀಗರು, ಹೆಂಡತಿಗೆ ಕಾಣದಂತೆ, ಎರಡೂ ಕೈ ಜೋಡಿಸಿದರು.

ಬಿಚ್ಚಿದ ದಾರವನ್ನು ಬೀದಿಯುದ್ದಕ್ಕೂ ಸುತ್ತಿಕೊಂಡು, ಚಂದ್ರಾಳಿಗೂ ಚೆನ್ನಿಯಪ್ಪನ್‌ಗೂ ಕಥೆ ಹೇಳಿಕೊಂಡು, ಅಕ್ಕಮ್ಮ ಮನೆಗೆ ಬರುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಅರ್ಧ ಗಂಟೆ ಮೂವತ್ತೊಂದು ವರ್ಷದ ಅನುಭವಕ್ಕೆ ಧಾರಾಳ ಸಾಕು. ಮಂಚದ ಮೇಲೆ ಒಂಬತ್ತು ಪ್ಲಾಸ್ಟಿಕ್ ಕವರು. ಒಂದರಲ್ಲಿ ಒಂಟಿ ಕಾಲುಚೀಲ, ಒಂದರಲ್ಲಿ ನೆತ್ತಿಯಿಲ್ಲದ ಟೋಪಿ, ಒಂದರಲ್ಲಿ ಮೂರು ಮೂಲೆಯ ಟೀವಿ ಬಟ್ಟೆ. ಒಳಗೆ ರಟ್ಟು ಇಟ್ಟು, ಅಮೆರಿಕಾಗೆ ಹೋಗುವ ಬನಿಯನ್ನಿನ ಹಾಗೆ ಮಡಿಸಿತ್ತು. ಎಲ್ಲಿಯೂ ಒಂದು ಪಿಸಿರಿಲ್ಲ.

“ಊಟಕ್ಕೆ ಬಂದ ಭೂಮಿಯೇ ಕತ್ತರಿಸಿ ಎಲ್ಲಕ್ಕೂ ಬೀಗ ಹಾಕಿಕೊಟ್ಟಳು” ಅಂದರು ಶಂಕರಪ್ಪ. “ನಾನು ದಾರ ಮುಟ್ಟಲಿಲ್ಲ, ಮಡಿಸಿದ್ದಷ್ಟೇ. ಈಗ ಎಲ್ಲಾ ಪಾಸು.”

ಅಕ್ಕಮ್ಮ ಕೋಪಕ್ಕಾಗಿ ಕಾದಳು. ಕೋಪ ಬರಲಿಲ್ಲ. ಇಷ್ಟು ದಿನ ಹೊತ್ತುಕೊಂಡಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗಾಗಿ, ಮಂಚದ ಅಂಚಿನಲ್ಲಿ ಕೂತು, ಉಳಿದ ವಡೆಯಲ್ಲಿ ಒಂದನ್ನು ತಾನೇ ತಿಂದಳು.

ಸೋಮವಾರ ಧನಶ್ರೀಯ ಫೋನು. “ಅಮ್ಮಾ! ಇವತ್ತು ಕಾಪಿ ಸುಮ್ನೆ ಕಾಪಿಯಾಗೇ ಬಂತು! ಅತ್ತೆ ಅದನ್ನ ಮೈಯಿಂದ ತೆಗೀತಾನೇ ಇಲ್ಲ. ಮಾವನಿಗೆ ಮಾತ್ರ ಬೇರೆ ಒಂದು ಸ್ವೆಟರ್ ಮಾಡ್ಬೇಕಂತೆ, ಅವಸರ ಇಲ್ಲ, ಇನ್ನೊಂದು ಏಳು ವರ್ಷ ತಗೊಳ್ಳಿ ಅಂದ್ರು. ಇರು, ಮಾವ ಏನೋ ಹೇಳ್ಬೇಕಂತೆ.”

ಫೋನಿನಲ್ಲಿ ಪಿಸುಮಾತು ಬಂತು: “ಹದಿನಾಲ್ಕು ತಗೊಳ್ಳಿ ಅಮ್ಮಾ.”

ಹದಿನಾಲ್ಕು ವರ್ಷದ ಕೆಲಸ ಅಂದರೆ ಈಗಲೇ ಶುರುಮಾಡಬೇಕಲ್ಲ. ಮಧ್ಯಾಹ್ನ ಅಕ್ಕಮ್ಮ ಗುಂಗುರು ದಾರವನ್ನು ರಾಟೆಗೆ ಹಾಕಿ ಉಂಡೆ ಮಾಡಿ, ಕಡ್ಡಿ ಹಿಡಿದು ಕೂತಳು. ಹೊಸದರ ತಲೆಯನ್ನು ಕಟ್ಟುವುದಕ್ಕೆ ಹಳೆಯದರ ಬಾಲ ಬೇಕು. ಮನೆಯೆಲ್ಲಾ ಹುಡುಕಿದಳು. ಒಂದು ಬಾಲವೂ ಉಳಿದಿರಲಿಲ್ಲ, ಅಷ್ಟು ಚೊಕ್ಕಟವಾಗಿ ಕೆಲಸ ಮುಗಿದಿತ್ತು. ಕೊನೆಗೆ ಅವಳ ಕಣ್ಣಿಗೆ ಬಿದ್ದದ್ದು ಒಂದೇ. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಗಂಡನ ಕೊರಳಿನ ನೀಲಿ ಹುರಿ. ಮೆಲ್ಲಗೆ ಅದಕ್ಕೇ ದಾರ ಕೂಡಿಸಿದಳು. ಬರಿದಲ್ಲದ ಮಗ್ಗದಲ್ಲಿ ಕೈ ಸಲೀಸಾಗಿ ಓಡಿತು. ಎಷ್ಟು ಸಲೀಸಾಗಿ ಅಂದರೆ, ದಾರ ಜಾರದಿರಲೆಂದು ಉಂಡೆಯನ್ನು ತನ್ನ ಸೊಂಟಕ್ಕೇ ಸಿಕ್ಕಿಸಿ ಎರಡು ಗಂಟು ಹಾಕಿಕೊಂಡಳು.

ಐದು ಸಾಲಾಗಿತ್ತು. ಬೀದಿಯಲ್ಲಿ ಗ್ಯಾಸಿನವನು, “ಅಮ್ಮಾ, ಸಿಲಿಂಡರ್!” ಅಂದ. ಶಂಕರಪ್ಪ ಬೆಚ್ಚಿ ಎದ್ದು ನೇರ ಬಾಗಿಲಿಗೆ ನಡೆದರು. ಅಕ್ಕಮ್ಮ ಕೂತಲ್ಲಿಂದ ತಾನಾಗಿ ಎದ್ದಳೋ, ದಾರವೇ ಎಬ್ಬಿಸಿತೋ, ಗಂಡನ ಹಿಂದೆ ಹೊಸಿಲು ದಾಟುತ್ತಿದ್ದಳು.

“ನಿಲ್ಲಿ! ನಿಲ್ಲೀಂದ್ರೆ!”

ಶಂಕರಪ್ಪ ತಿರುಗಿದರು. ತಮ್ಮ ಕೊರಳಿನಿಂದ ಹೆಂಡತಿಯ ಸೊಂಟದವರೆಗೆ ಹೋದ ದಾರವನ್ನು ನೋಡಿದರು. ಟ್ರಿಮ್ಮರ್ ಕೈಗೆ ಸಿಗುವಂತೆಯೇ ಇತ್ತು. ಅವರು ಅದನ್ನು ಎತ್ತಲಿಲ್ಲ. ಎರಡೂ ಕೈಯನ್ನು ನಿಧಾನವಾಗಿ ಬೆನ್ನ ಹಿಂದೆ ಕಟ್ಟಿಕೊಂಡರು.

“ಇದು ಈ ಮನೆಯ ಉಲ್ಲನ್ನು. ಆಣೆ ಇದೆ” ಅಂದರು, ಮತ್ತು ಗೇಟಿನ ಕಡೆ ನಡೆದರು. ಅಕ್ಕಮ್ಮ ಕಡ್ಡಿ ಹಿಡಿದುಕೊಂಡು ಹಿಂದೆ ಹೋದಳು.